ಮುಚ್ಚಳ ತೆರೆಯುವ ಶ್ರುತಿಪೆಟ್ಟಿಗೆ

(ಗುರುಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಶ್ರುತಿ ಎಂಬುದು ಕೇವಲ ಸಂಗೀತ ಪಾಠಶಾಲೆಯ ಪದವಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ ಇರುತ್ತದೆ. ಮದುವೆಯ ಓಲಗದಲ್ಲಿ ನಾಗಸ್ವರದವರ ಪಕ್ಕದಲ್ಲಿ ಕುಳಿತ ಒತ್ತಿನವರು ಒಂದೇ ಸ್ವರವನ್ನು ಗಂಟೆಗಟ್ಟಲೆ ಉಸಿರು ಕಡಿಯದೆ ಹಿಡಿದಿರುತ್ತಿದ್ದರು. ಭಜನೆಯ ಮನೆಗಳಲ್ಲಿ ಆ ಕೆಲಸ ಹಾರ್ಮೋನಿಯಂನದು. ಇದೇ ಗುರುಪುರದ ಗ್ಯೂಮೆಡ್ ತಾಂತ್ರಿಕ ಮಠದ ಭಿಕ್ಷುಗಳು ಮಂತ್ರಪಠಣಕ್ಕೆ ಕುಳಿತರೆ ನೆಲದಿಂದ ಎದ್ದು ಬಂದಂಥ ಆಳದ ಧ್ವನಿಯೊಂದು ಕೇಳಿಸುತ್ತದೆ. ಅದರ ಮೇಲೆ ಸಣ್ಣ ಕೊಳಲಿನಂಥ ಇನ್ನೊಂದು ಸ್ವರ ತೇಲುತ್ತದೆ. ಎರಡೂ ಒಂದೇ ಗಂಟಲಿನವು.

ಇವುಗಳ ಪೈಕಿ ಒತ್ತಿನ ಜಾಗಕ್ಕೆ, ಬಹಳಷ್ಟು ಕಡೆ ಹಾರ್ಮೋನಿಯಂನ ಜಾಗಕ್ಕೂ, ಈಗ ಒಂದು ಚಿಕ್ಕ ವಿದ್ಯುತ್ ಪೆಟ್ಟಿಗೆ ಬಂದು ಕುಳಿತಿದೆ. ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನದ ಭಾಗವತರ ಪಕ್ಕದಲ್ಲಿಯೂ ಅದನ್ನು ಕಾಣಬಹುದು. ಮೂರು ನಾಲ್ಕು ತಿರುಗಣೆ, ಒಂದು ಸ್ಪೀಕರ್, ಒಂದು ಕೆಂಪು ದೀಪ. ಇಷ್ಟೇ ಅದರ ಮುಖಲಕ್ಷಣ. ಇಂದಿನ ಉಪನ್ಯಾಸದ ವಿಷಯ ಆ ಪೆಟ್ಟಿಗೆ, ಸಿಂಥಸೈಜರ್ ಎಂದು ಹೆಸರಾದ ಅದರ ಬಂಧುಬಳಗ, ಮತ್ತು ಇಂಥವನ್ನು ಮನೆಯಲ್ಲಿಯೇ ಕಟ್ಟುವ, ಹಳೆಯದನ್ನು ರಿಪೇರಿ ಮಾಡಿ ನುಡಿಸುವ ಹವ್ಯಾಸಿಗಳು. ಪರಿಸರದ ವೇದಿಕೆಯಲ್ಲಿ ಇದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಮರ, ಬಳ್ಳಿ, ಸೀಸ, ತ್ಯಾಜ್ಯ ಎಲ್ಲವೂ ಈ ಕಥೆಯೊಳಗೆ ಬರುತ್ತವೆ. ಸ್ವಲ್ಪ ತಾಳ್ಮೆ ಬೇಕು.

ಸಿಂಥಸೈಜರ್ ಎಂದರೆ ವಿದ್ಯುತ್ತಿನಿಂದ ಸ್ವರವನ್ನು ಹುಟ್ಟಿಸಿ ಅದಕ್ಕೆ ರೂಪ ಕೊಡುವ ಯಂತ್ರ. ಅದರಲ್ಲಿ ಮುಖ್ಯವಾಗಿ ಮೂರು ಕೆಲಸಗಳು ನಡೆಯುತ್ತವೆ. ಆಂದೋಲಕವೆಂಬ ಮಂಡಲವು ಕಂಪನವನ್ನು ಹುಟ್ಟಿಸುತ್ತದೆ. ಶೋಧಕವೆಂಬ ಮಂಡಲವು ಆ ಕಂಪನದೊಳಗಿನ ಮೇಲ್ಸ್ವರಗಳಲ್ಲಿ ಬೇಕಾದವನ್ನು ಉಳಿಸಿ ಬೇಡವಾದವನ್ನು ತಡೆಯುತ್ತದೆ. ಇದು ರಾಗಿ ಹಿಟ್ಟಿನ ಜರಡಿಯ ಕೆಲಸ. ವರ್ಧಕವು ದನಿಯನ್ನು ಏರಿಸಿ ಇಳಿಸುತ್ತದೆ. ಯಾವುದೇ ಸ್ವರ ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಸೆಕೆಂಡಿಗೆ 70 ಸಲ ಕಂಪಿಸುವ ಸ್ವರದ ಜೊತೆಗೆ 140, 210, 280, 350 ಹೀಗೆ ಅದರ ಗುಣಕಗಳೆಲ್ಲ ಹಿಂಬಾಲಿಸಿ ಬರುತ್ತವೆ. ಇವುಗಳ ಪ್ರಮಾಣ ಬದಲಾದಂತೆ ಅದೇ ಷಡ್ಜ ಕೊಳಲಾಗಿಯೂ ವೀಣೆಯಾಗಿಯೂ ಕೇಳಿಸುತ್ತದೆ.

ಗ್ಯೂಮೆಡ್ ಮಠದ ಪಠಣದಲ್ಲಿ ನಡೆಯುವುದೂ ಇದೇ. ಧ್ವನಿತಂತುಗಳು ಆಂದೋಲಕ, ಬಾಯಿ, ನಾಲಿಗೆ, ತುಟಿಗಳು ಶೋಧಕ. ಐದನೆಯ ಮೇಲ್ಸ್ವರವನ್ನು ಬಾಯಿಯ ಆಕಾರದಿಂದ ಎತ್ತಿ ಹಿಡಿದರೆ, ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರವು ಸ್ಪಷ್ಟವಾಗಿ ಕೇಳುತ್ತದೆ. 280ಕ್ಕೆ 350 ಇರುವ ಸಂಬಂಧವೆಂದರೆ ನಾಲ್ಕಕ್ಕೆ ಐದು. ಗ್ಯೂಮೆಡ್ 1433ರಲ್ಲಿ ಟಿಬೆಟಿನಲ್ಲಿ ಸ್ಥಾಪನೆಯಾದ ಮಠ. ಅದರ ಸೋದರ ಪರಂಪರೆಯ ಗ್ಯೂತೋ ಮಠದ ಪಠಣವನ್ನು ಹ್ಯೂಸ್ಟನ್ ಸ್ಮಿತ್ ಎಂಬ ಧರ್ಮಶಾಸ್ತ್ರದ ವಿದ್ವಾಂಸರು 1964ರಲ್ಲಿ ಉತ್ತರ ಭಾರತದಲ್ಲಿ ಧ್ವನಿಮುದ್ರಿಸಿಕೊಂಡರು. ಅದನ್ನು ಅಮೆರಿಕದ ಎಂಐಟಿಯ ಕೆನೆತ್ ಸ್ಟೀವನ್ಸ್ ಮತ್ತು ರೇಮಂಡ್ ಟಾಮ್ಲಿನ್‌ಸನ್ ಅವರೊಡನೆ ವಿಶ್ಲೇಷಿಸಿ 1967ರಲ್ಲಿ ಪ್ರಬಂಧ ಪ್ರಕಟಿಸಿದರು. ಈ ಟಾಮ್ಲಿನ್‌ಸನ್ ಅವರ ಸ್ನಾತಕೋತ್ತರ ಅಧ್ಯಯನದ ವಿಷಯವೇ ಮಾತನಾಡುವ ಸಿಂಥಸೈಜರ್. ಮುಂದೆ 1971ರಲ್ಲಿ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಇ-ಅಂಚೆ ಕಳುಹಿಸಿ, ವಿಳಾಸದ ನಡುವಿನ ಆ ಸುತ್ತು ಚಿಹ್ನೆಯನ್ನು ಆರಿಸಿದವರೂ ಅವರೇ. ಭಿಕ್ಷುಗಳ ಗಂಟಲಿಗೂ ಸಿಂಥಸೈಜರಿಗೂ ಇರುವ ನಂಟು ಉಪನ್ಯಾಸಕ್ಕಾಗಿ ಹೆಣೆದದ್ದಲ್ಲ. ಪ್ರಯೋಗಾಲಯದಲ್ಲಿ ಅವೆರಡೂ ಒಬ್ಬರ ಮೇಜಿನ ಮೇಲೆಯೇ ಭೇಟಿಯಾಗಿದ್ದವು.

ಇನ್ನು ತಂಬೂರಿ. ಅದರ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಎಳೆ ದಾರವನ್ನು ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಇದೇ ಜೀವಾಳ. ದಾರವು ಸರಿಯಾದ ಜಾಗಕ್ಕೆ ಬಂದಾಗ ಸಪ್ಪೆಯಾಗಿದ್ದ ತಂತಿಯಿಂದ ಮೇಲ್ಸ್ವರಗಳು ಜೇನುನೊಣದ ಗುಂಪಿನಂತೆ ಏಳುತ್ತವೆ. ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನು ಪರಿಶೀಲಿಸಿದ್ದಾರೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಲಾಗುತ್ತದೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಮೇಲ್ಸ್ವರಗಳು ಹುಟ್ಟಲಾರವು ಎಂಬುದು ಯೂರೋಪಿನ ವಿಜ್ಞಾನಿಗಳು ಹೇಳಿದ ನಿಯಮ. ತಂಬೂರಿ ಮತ್ತು ವೀಣೆಗಳು ಈ ನಿಯಮಕ್ಕೆ ಒಳಪಡುವುದಿಲ್ಲವೆಂದು ರಾಮನ್ ತೋರಿಸಿದರು. ಕುದುರೆಯ ಅಗಲವಾದ, ಬಾಗಿದ ಮೈಯೇ ಅದಕ್ಕೆ ಕಾರಣ. ಹೆಸರೂ ಉಳಿಯದ ಕುಶಲಕರ್ಮಿಗಳು ಕಿವಿಯ ಬಲದಿಂದಲೇ ಕಂಡುಕೊಂಡಿದ್ದ ಭೌತವಿಜ್ಞಾನವಿದು.

ಈ ತಂಬೂರಿಯನ್ನು ವಿದ್ಯುತ್ತಿನಲ್ಲಿ ಕಟ್ಟಲು ಹೊರಟವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ವೃತ್ತಿಯಿಂದ ಎಂಜಿನಿಯರ್, ಜೊತೆಗೆ ಕೊಳಲುವಾದಕರು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಹೆಸರು ಮುಂದೆ ದಕ್ಷಿಣ ಭಾರತದ ಸಂಗೀತಗಾರರ ಚೀಲಗಳಲ್ಲೆಲ್ಲ ಕಾಣಿಸಿಕೊಂಡಿತು. ಆ ಮೊದಲ ಯಂತ್ರಗಳ ಒಂದು ಗುಣ ಗಮನಾರ್ಹವಾದದ್ದು. ಅವುಗಳೊಳಗೆ ತಂಬೂರಿಯ ಧ್ವನಿಮುದ್ರಣ ಇರಲಿಲ್ಲ. ಸ್ವರವನ್ನು ಮಂಡಲಗಳೇ ಹುಟ್ಟಿಸುತ್ತಿದ್ದವು. ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ ಎಂಬ ನಾಲ್ಕು ಮೀಟುಗಳು ಸರದಿಯಂತೆ ಬರುತ್ತಿದ್ದವು. ಹೆಸರಿನಲ್ಲಿ ತಂಬೂರಿಯಾದರೂ ಹುಟ್ಟಿನಿಂದ ಅದು ಸಿಂಥಸೈಜರೇ. ಪಶ್ಚಿಮದ ಯಂತ್ರಕ್ಕೆ ಪಿಯಾನೊದ ಮನೆಗಳನ್ನು ಜೋಡಿಸಿದ್ದರೆ, ಬೆಂಗಳೂರಿನದಕ್ಕೆ ಶ್ರುತಿಯ ತಿರುಗಣೆಯನ್ನು ಜೋಡಿಸಲಾಗಿತ್ತು. ವ್ಯತ್ಯಾಸ ಅಷ್ಟೇ.

ಹಿರಿಯ ಸಂಗೀತಗಾರರಲ್ಲಿ ಹಲವರಿಗೆ ಇದು ರುಚಿಸಲಿಲ್ಲ. ಅವರ ಆಕ್ಷೇಪವನ್ನು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ಗುರುವಿನ ಹಿಂದೆ ತಂಬೂರಿ ಹಿಡಿದು ಕುಳಿತ ಶಿಷ್ಯನಿಗೆ ಆ ಎರಡು ಮೂರು ಗಂಟೆಗಳೇ ಪಾಠವಾಗಿದ್ದವು. ಪೆಟ್ಟಿಗೆ ಬಂದಾಗ ಆ ಆಸನ ಖಾಲಿಯಾಯಿತು. ಒತ್ತು ಊದುವವರ ದಿನಗೂಲಿಯೂ ಹೋಯಿತು. ಆದರೆ ಇನ್ನೊಂದು ಮುಖವೂ ಇದೆ. ಹಲಸಿನ ಮರದಲ್ಲಿ ಕೊರೆದ ತಂಬೂರಿಯನ್ನು ಕೊಳ್ಳುವ, ಅದನ್ನು ಬಸ್ಸಿನಲ್ಲಿ ಒಡೆಯದಂತೆ ಸಾಗಿಸುವ ಅನುಕೂಲ ಎಲ್ಲರಿಗೂ ಇರಲಿಲ್ಲ. ತಾಲೂಕು ಕೇಂದ್ರದ ಬಾಡಿಗೆ ಕೋಣೆಯಲ್ಲಿ ಒಬ್ಬಂಟಿಯಾಗಿ ಅಭ್ಯಾಸ ಮಾಡುವ ಹುಡುಗಿಗೆ ಶ್ರುತಿ ಹಿಡಿಯುವ ಸಂಗಾತಿ ದೊರೆತದ್ದು ಈ ಪೆಟ್ಟಿಗೆಯಿಂದ. ಲೆಕ್ಕದ ಎರಡೂ ಕಡೆಯನ್ನು ನೋಡಿದರೆ ಪೆಟ್ಟಿಗೆಯು ಒಳ್ಳೆಯದನ್ನೇ ಹೆಚ್ಚು ಮಾಡಿದೆ ಎನ್ನಬೇಕಾಗುತ್ತದೆ.

ಕೃಷಿಯ ಕಡೆಯಿಂದ ಒಂದು ಮಾತು. ಉತ್ತರಾದಿ ತಂಬೂರಿಯ ಬುರುಡೆ ಮರದ್ದಲ್ಲ, ಸೋರೆಯದು. ಮಿರಜಿನ ಕುಶಲಕರ್ಮಿಗಳಿಗೆ ಪಂಢರಪುರದ ಸುತ್ತಲಿನ ರೈತರು ಇದನ್ನು ಬೆಳೆದು ಕೊಡುತ್ತಾರೆ. ಇದು ಅಡುಗೆಯ ಸೋರೆಯಲ್ಲ. ಕಹಿ ಜಾತಿಯದು, ದಪ್ಪ ಸಿಪ್ಪೆಯದು. ಬಳ್ಳಿಯಲ್ಲಿಯೇ ಬಲಿತು ತಿಂಗಳುಗಟ್ಟಲೆ ಒಣಗಬೇಕು. ಆ ತಳಿ ಹೊಲದಲ್ಲಿ ಉಳಿದಿರುವುದು ವಾದ್ಯಕ್ಕೆ ಬೇಡಿಕೆ ಇರುವುದರಿಂದ ಮಾತ್ರ. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ವಾದ್ಯ ನಿಂತರೆ ಬೀಜವೂ ನಿಲ್ಲುತ್ತದೆ ಎಂಬುದನ್ನು ಮಾನ್ಯತೆಯ ಕಾಗದದಲ್ಲಿ ಯಾರೂ ಬರೆಯುವುದಿಲ್ಲ.

ಭಾರತಕ್ಕೆ ಸಿಂಥಸೈಜರ್ ಬಂದದ್ದು ಬೆಂಗಳೂರಿನ ಪೆಟ್ಟಿಗೆಗಿಂತ ಹತ್ತು ವರ್ಷ ಮೊದಲು. ಅಮೆರಿಕದ ರಾಬರ್ಟ್ ಮೂಗ್ ತಮ್ಮ ಮೊದಲ ಮಾದರಿಯನ್ನು 1964ರಲ್ಲಿ ಕಟ್ಟಿದರು. ಅದಕ್ಕೂ ಮುನ್ನ ಅವರು ಮನೆಯಲ್ಲಿಯೇ ಥೆರಮಿನ್ ಎಂಬ ವಾದ್ಯದ ಬಿಡಿಭಾಗಗಳನ್ನು ಜೋಡಿಸಿ ಮಾರುತ್ತಿದ್ದ ಹವ್ಯಾಸಿ. ಅವರ ಯಂತ್ರದಲ್ಲಿ ವಿದ್ಯುತ್ ಒತ್ತಡವು ಒಂದು ವೋಲ್ಟ್ ಏರಿದರೆ ಸ್ವರವು ಒಂದು ಸ್ಥಾಯಿ ಏರುತ್ತಿತ್ತು. ಈ ಸರಳ ಒಪ್ಪಂದವನ್ನು ಇಂದಿಗೂ ಮನೆಯಲ್ಲಿ ಕಟ್ಟುವವರು ಪಾಲಿಸುತ್ತಾರೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಯಂತ್ರವೊಂದು ಬಂದಿತು. ಅದನ್ನು ಅಣಿಗೊಳಿಸಲು ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರು ನ್ಯೂಯಾರ್ಕಿನಿಂದ ಬಂದರು. ಗೀತಾ ಸಾರಾಭಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅದರಲ್ಲಿ ಪ್ರಯೋಗ ನಡೆಸಿದರು. 1972ರ ಹೊತ್ತಿಗೆ ಆ ಕೆಲಸ ಮುಗಿದುಹೋಯಿತು. ಸುರುಳಿಗಳು ಸಂಸ್ಥೆಯಲ್ಲಿಯೇ ಉಳಿದವು. ಪಾಲ್ ಪರ್ಗಸ್ ಎಂಬ ಕಲಾವಿದರು ಅವನ್ನು ಹುಡುಕಿ ತೆಗೆದ ನಂತರ, 2023ರಲ್ಲಷ್ಟೇ ಅವು ಧ್ವನಿಮುದ್ರಿಕೆಯಾಗಿ ಹೊರಬಂದವು. ಅರ್ಧ ಶತಮಾನದ ಮೌನ! ಅಹಮದಾಬಾದಿನ ಯಂತ್ರ ದೊಡ್ಡದು, ಬೆಂಗಳೂರಿನದು ಚಿಕ್ಕದು. ಆದರೆ ದೇವಸ್ಥಾನದ ಜಗುಲಿಗೆ ತಲುಪಿದ್ದು ಚಿಕ್ಕದೇ.

ಹಳೆಯ ಯಂತ್ರಗಳಿಗೆ ಎರಡನೆಯ ಜನ್ಮವೂ ಉಂಟು. ಜಪಾನಿನ ರೋಲೆಂಡ್ ಕಂಪೆನಿಯು 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಒಂಟಿಯಾಗಿ ಗಿಟಾರ್ ಅಭ್ಯಾಸ ಮಾಡುವವರಿಗೆ ಮಂದ್ರದ ಜೊತೆ ಕೊಡುವುದು ಅದರ ಉದ್ದೇಶ. ಯಂತ್ರ ಮಾರಾಟವಾಗಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಮುಂಬೈಯ ಚಲನಚಿತ್ರ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿಯೇ ಇದನ್ನು ಇನ್ನೆರಡು ರೋಲೆಂಡ್ ಯಂತ್ರಗಳೊಂದಿಗೆ ಕೂಡಿಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ಧ್ವನಿಮುದ್ರಿಕೆ ಮಾಡಿದ್ದರು. ಯಾರೂ ಗಮನಿಸಲಿಲ್ಲ. ಇತ್ತ ಅಮೆರಿಕದ ಶಿಕಾಗೋ ನಗರದ ಯುವಕರು ಅದೇ ಯಂತ್ರವನ್ನು ಹಳೆಯ ಸಾಮಾನಿನ ಬೆಲೆಗೆ ಕೊಂಡು, ಅದರ ಶೋಧಕದ ತಿರುಗಣೆಯನ್ನು ತಯಾರಕರು ಎಣಿಸದಷ್ಟು ತಿರುಗಿಸಿ, 1987ರಲ್ಲಿ ಹೊಸ ನೃತ್ಯಸಂಗೀತವೊಂದನ್ನು ಹೊರತಂದರು. 2010ರಲ್ಲಿ ಚರಣಜಿತ್ ಸಿಂಗ್ ಅವರ ಮುದ್ರಿಕೆ ಮತ್ತೆ ಪ್ರಕಟವಾದಾಗ, ಶಿಕಾಗೋಗಿಂತ ಐದು ವರ್ಷ ಮುಂಚೆ ಮುಂಬೈಯಲ್ಲಿ ಅದೇ ನಾದ ಕೇಳಿಸಿತ್ತೆಂದು ಜಗತ್ತು ಬೆರಗಾಯಿತು. ತಿಪ್ಪೆಗೆ ಬಿದ್ದದ್ದು ಗೊಬ್ಬರವಾಗುವ ಬಗೆ ರೈತರಿಗೆ ತಿಳಿಸಬೇಕಾದದ್ದಲ್ಲ.

ವಿದ್ಯಾರ್ಥಿಗಳಿಗೆ ಈಗ ಕೆಲಸದ ವಿಷಯ. ಶ್ರುತಿಪೆಟ್ಟಿಗೆಯೊಂದನ್ನು ಕಟ್ಟಲು ಕಾರ್ಖಾನೆ ಬೇಕಿಲ್ಲ. 555 ಎಂಬ ಸಂಖ್ಯೆಯ ಎಂಟು ಕಾಲಿನ ಬಿಲ್ಲೆಯೊಂದಿದೆ. ಹ್ಯಾನ್ಸ್ ಕಾಮೆನ್‌ಜಿಂಡ್ ಎಂಬ ಎಂಜಿನಿಯರ್ 1971ರಲ್ಲಿ ರೂಪಿಸಿದ ಇದು ಇಂದಿಗೂ ಮೈಸೂರಿನ ಅಂಗಡಿಗಳಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಅತ್ಯಂತ ಅಗ್ಗವಾಗಿ ದೊರೆಯುತ್ತದೆ. ಇದಕ್ಕೆ ಎರಡು ರೆಸಿಸ್ಟರು, ಒಂದು ಕೆಪಾಸಿಟರು ಜೋಡಿಸಿದರೆ ಆಂದೋಲಕ ಸಿದ್ಧ. ಕೆಪಾಸಿಟರು ತುಂಬುವುದು, ಬರಿದಾಗುವುದು, ಮತ್ತೆ ತುಂಬುವುದು; ಏತದ ಬಾನಿಯಂತೆ. ಒಮ್ಮೆ ತುಂಬಿ ಬರಿದಾದರೆ ಒಂದು ಕಂಪನ. ಎರಡನೆಯ ರೆಸಿಸ್ಟರನ್ನು ಇಮ್ಮಡಿಸಿ ಮೊದಲನೆಯದಕ್ಕೆ ಕೂಡಿಸಬೇಕು, ಬಂದದ್ದನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಬೇಕು, 1.44ನ್ನು ಆ ಮೊತ್ತದಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಂಪನವೆಂಬುದು ದೊರೆಯುತ್ತದೆ.

ಮೊದಲ ರೆಸಿಸ್ಟರು 1 ಕಿಲೋ ಓಮ್, ಕೆಪಾಸಿಟರು 0.1 ಮೈಕ್ರೊಫ್ಯಾರಡ್ ಇರಲಿ. ಅಂಗಡಿಯಲ್ಲಿ ಅದರ ಮೈಮೇಲೆ 104 ಎಂದು ಬರೆದಿರುತ್ತದೆ. ಎರಡನೆಯ ರೆಸಿಸ್ಟರು 33 ಕಿಲೋ ಓಮ್ ಆದರೆ ಸುಮಾರು 215 ಕಂಪನ, ಇದು ಷಡ್ಜವಾಗಲಿ. ಇನ್ನೊಂದು 555ಕ್ಕೆ 33ರ ಬದಲು 22 ಕಿಲೋ ಓಮ್ ಹಾಕಿದರೆ 320 ಕಂಪನ. ಷಡ್ಜಕ್ಕೂ ಪಂಚಮಕ್ಕೂ ಇರಬೇಕಾದ ಸಂಬಂಧ ಎರಡಕ್ಕೆ ಮೂರು. ಅಂದರೆ ಪಂಚಮವು ಸುಮಾರು 322 ಆಗಬೇಕಿತ್ತು. ಈ ಎರಡು ಕಂಪನದ ಕೊರತೆಯನ್ನು ಕಿವಿ ಕ್ಷಮಿಸುವುದಿಲ್ಲ. ಎರಡೂ ಸ್ವರಗಳನ್ನು ಒಂದೇ ಸ್ಪೀಕರಿಗೆ ಕೊಟ್ಟರೆ ಸೆಕೆಂಡಿಗೆ ನಾಲ್ಕೈದು ಸಲ ದನಿ ಅಲುಗಿದಂತೆ ಕೇಳಿಸುತ್ತದೆ. ಕೊಳ್ಳುವ ಬಿಡಿಭಾಗಗಳೂ ಬರೆದ ಬೆಲೆಗಿಂತ ಶೇಕಡಾ ಐದು ಹತ್ತರಷ್ಟು ಆಚೀಚೆ ಇರುವುದರಿಂದ ಅಲುಗಾಟ ಇನ್ನೂ ಹೆಚ್ಚಬಹುದು. ಅದಕ್ಕಾಗಿ 22ರ ಜಾಗದಲ್ಲಿ 18 ಕಿಲೋ ಓಮ್‌ನ ರೆಸಿಸ್ಟರನ್ನೂ ಅದರ ಬೆನ್ನಿಗೆ 10 ಕಿಲೋ ಓಮ್‌ನ ತಿರುಗಣೆಯನ್ನೂ ಇಟ್ಟು, ಅಲುಗಾಟ ನಿಧಾನವಾಗುತ್ತ ಪೂರ್ತಿ ನಿಲ್ಲುವವರೆಗೆ ತಿರುಗಿಸಬೇಕು. ಅದು ನಿಂತ ಕ್ಷಣವೇ ಶ್ರುತಿ ಸೇರಿದ ಕ್ಷಣ. ತಂಬೂರಿಯ ಬಿರಡೆ ತಿರುಗಿಸುವವರು ಮಾಡುವುದು ಇದನ್ನೇ. ಗಣಿತದ ಪಾಠದಲ್ಲಿ ಅನುಪಾತ ಎಂದು ಕಲಿಸುವುದೂ ಇದನ್ನೇ.

ಹೀಗೆ ಹುಟ್ಟಿದ ಸ್ವರ ಒರಟಾಗಿರುತ್ತದೆ, ಜೀರುಂಡೆಯ ಹಾಗೆ. ಒಂದು ರೆಸಿಸ್ಟರು, ಒಂದು ಕೆಪಾಸಿಟರಿನ ಜರಡಿ ಇಟ್ಟರೆ ಮೃದುವಾಗುತ್ತದೆ. ತಂಬೂರಿಯ ಜೀವಾಳ ಮಾತ್ರ ಬರುವುದಿಲ್ಲ. ಅದನ್ನು ತರಲು ಬೆಂಗಳೂರಿನವರೂ ವರ್ಷಗಟ್ಟಲೆ ದುಡಿದಿದ್ದಾರೆ, ಜಗತ್ತಿನ ಹವ್ಯಾಸಿಗಳು ಇನ್ನೂ ದುಡಿಯುತ್ತಿದ್ದಾರೆ.

ಎಚ್ಚರಿಕೆಗಳೂ ಉಂಟು. 9 ವೋಲ್ಟಿನ ಬ್ಯಾಟರಿಯಲ್ಲಿಯೇ ಕೆಲಸ ಮಾಡಬೇಕು. ಗೋಡೆಯ ವಿದ್ಯುತ್ತಿಗೆ ಜೋಡಿಸುವ ಹಳೆಯ ಯಂತ್ರದ ಮುಚ್ಚಳವನ್ನು ತಿಳಿದವರ ಜೊತೆಯಿಲ್ಲದೆ ತೆರೆಯಬಾರದು, ಏಕೆಂದರೆ ತಂತಿ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಬೆಸುಗೆಯ ತಂತಿಯಲ್ಲಿ ಸಾಮಾನ್ಯವಾಗಿ ಶೇಕಡಾ 60 ತವರ, 40 ಸೀಸ ಇರುತ್ತದೆ. ಅಡುಗೆಮನೆಯಲ್ಲಿ ಬೆಸೆಯಬಾರದು, ಹೊಗೆ ಕುಡಿಯಬಾರದು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಉದುರಿದ ಚೂರುಗಳನ್ನು ತಿಪ್ಪೆಗೆ ಎಸೆದರೆ ಸೀಸ ಹೊಲಕ್ಕೆ ಹೋಗುತ್ತದೆ. ಮಣ್ಣಿಗೆ ಸೇರಿದ ಸೀಸವನ್ನು ತೆಗೆಯುವ ಸುಲಭ ಉಪಾಯ ಕೃಷಿವಿಜ್ಞಾನದಲ್ಲಿ ಇಲ್ಲ.

ಶ್ರುತಿಪೆಟ್ಟಿಗೆಯ ಈಚಿನ ಇತಿಹಾಸವನ್ನು ಇಷ್ಟು ತಿಳಿದ ಮೇಲೆ ನೋಡುವುದು ಉಚಿತ. ನಂತರದ ಯಂತ್ರಗಳು ಸ್ವರವನ್ನು ಹುಟ್ಟಿಸುವುದನ್ನು ಬಿಟ್ಟು, ನಿಜವಾದ ತಂಬೂರಿಯ ಧ್ವನಿಮುದ್ರಣವನ್ನು ಬಿಲ್ಲೆಯಲ್ಲಿ ತುಂಬಿಕೊಂಡು ಅದನ್ನೇ ಮತ್ತೆ ಮತ್ತೆ ಒಪ್ಪಿಸತೊಡಗಿದವು. ಕೇಳಲು ಇಂಪು ಹೆಚ್ಚಾಯಿತು, ಸಂದೇಹವಿಲ್ಲ. ಈಗ ಪೆಟ್ಟಿಗೆಯೂ ಬೇಡ, ಕೈಯಲ್ಲಿರುವ ದೂರವಾಣಿಯೇ ತಂಬೂರಿ. ಬಿತ್ತನೆಯ ಬೀಜವನ್ನು ಕಣಜದಲ್ಲಿ ಉಳಿಸಿಕೊಳ್ಳುವುದಕ್ಕೂ ಪ್ರತಿ ಮುಂಗಾರಿಗೆ ಪೊಟ್ಟಣ ಕೊಳ್ಳುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ. ಪೊಟ್ಟಣದ ಬೀಜ ಕೆಟ್ಟದ್ದೆಂದಲ್ಲ, ಇಳುವರಿ ಕೊಡುತ್ತದೆ. ಆದರೆ ಅದು ಏಕೆ ಹಾಗೆ ಬೆಳೆಯುತ್ತದೆಂಬ ತಿಳಿವು ಊರಿನಲ್ಲಿ ಉಳಿಯುವುದಿಲ್ಲ. ಹಳೆಯ ಶ್ರುತಿಪೆಟ್ಟಿಗೆ ಕೆಟ್ಟರೆ ಟೇಪ್‌ರೆಕಾರ್ಡರ್ ರಿಪೇರಿಯವರು ನಾಲ್ಕು ತಿರುಪು ಬಿಚ್ಚಿ ಸರಿಪಡಿಸುತ್ತಿದ್ದರು. ಬಿಲ್ಲೆಯಲ್ಲಿ ಧ್ವನಿಮುದ್ರಣ ಹೊತ್ತ ಯಂತ್ರದ ಬಿಲ್ಲೆ ಕೆಟ್ಟರೆ, ತಯಾರಕರಲ್ಲಿ ಇನ್ನೊಂದು ಇರುವವರೆಗೆ ಮಾತ್ರ ಅದಕ್ಕೆ ಆಯುಸ್ಸು. ಆ ಬಳಿಕ ಅದು ಎಲೆಕ್ಟ್ರಾನಿಕ್ ತ್ಯಾಜ್ಯ.

ಹಳೆಯ ಸಿಂಥಸೈಜರುಗಳನ್ನು ಮೋಹಿಸುವವರನ್ನು ಕೆಲವರು ನಗೆಯಾಡುತ್ತಾರೆ. ಬಿಸಿಯಾದಂತೆ ಶ್ರುತಿ ಜಾರುವ, ಚಳಿಗಾಲದಲ್ಲಿ ಒಂದು ರೀತಿ ಬೇಸಿಗೆಯಲ್ಲಿ ಇನ್ನೊಂದು ರೀತಿ ನುಡಿಯುವ ಯಂತ್ರಕ್ಕಾಗಿ ಇಷ್ಟು ಹಣವೇ, ಇಷ್ಟು ರಾತ್ರಿಗಳೇ ಎಂದು. ಅವರು ಉಳಿಸುತ್ತಿರುವುದು ಯಂತ್ರವನ್ನಷ್ಟೇ ಅಲ್ಲ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಬಿಡಿಭಾಗ ಸೋತರೆ ಯಾವ ದನಿ ಕೆಡುತ್ತದೆ ಎಂಬ ವಿದ್ಯೆ ಅವರ ಬೆರಳುಗಳಲ್ಲಿದೆ. ಆ ವಿದ್ಯೆ ಉಳಿದ ಕಡೆ ಯಂತ್ರವು ಯಜಮಾನನಾಗದೆ ಉಪಕರಣವಾಗಿಯೇ ಇರುತ್ತದೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಜಾಲತಾಣವೊಂದನ್ನು ತೆರೆದದ್ದು ಸರಿಯಾದ ಹೆಜ್ಜೆಯೇ. ಆದರೆ ತಿರುಪುಳಿ ಹಿಡಿಯಲು ಬಾರದವರಿಗೆ ಆ ಹಕ್ಕು ಪಹಣಿಯಲ್ಲಿದ್ದು ಅನುಭವಕ್ಕೆ ಬಾರದ ಜಮೀನಿನಂತೆ.

ಭಜನೆಯ ಮನೆಯಲ್ಲಿಯೋ ಶಾಲೆಯ ಕಪಾಟಿನಲ್ಲಿಯೋ ಕೆಟ್ಟು ಕುಳಿತ ಹಳೆಯ ಶ್ರುತಿಪೆಟ್ಟಿಗೆಗಳು ಈ ಸೀಮೆಯಲ್ಲಿ ಇನ್ನೂ ಸಿಗಬಹುದು. ಅವುಗಳಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ ಕೂರುವ ಜಾಗ. ಸೋರಿದ ಬ್ಯಾಟರಿಯಿಂದ ಅಲ್ಲಿ ಹಸಿರು ಅಥವಾ ಬಿಳಿಯ ಕಿಲುಬು ಕಟ್ಟಿರುತ್ತದೆ. ಒಂದು ಹನಿ ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸಿದರೆ ಕೆಲವು ಪೆಟ್ಟಿಗೆಗಳು ಅಷ್ಟಕ್ಕೇ ಎಚ್ಚರಗೊಳ್ಳುತ್ತವೆ. ಎರಡನೆಯದು ತಿರುಗಣೆ, ಒಳಗೆ ದೂಳು ಸೇರಿ ಗರಗರ ಎನ್ನುತ್ತಿದ್ದರೆ ಇಪ್ಪತ್ತು ಮೂವತ್ತು ಸಲ ಪೂರ್ತಿ ತಿರುಗಿಸಿ ನೋಡಬೇಕು. ಮೂರನೆಯದು ಸ್ಪೀಕರಿನ ತಂತಿಯ ಬೆಸುಗೆ, ಸಾಗಾಟದಲ್ಲಿ ಬಿಟ್ಟುಕೊಳ್ಳುವುದು ಹೆಚ್ಚಾಗಿ ಅದೇ. ನಾಲ್ಕನೆಯದು ಮೇಲ್ಭಾಗ ಉಬ್ಬಿದ ಕೆಪಾಸಿಟರು. ಅದೇ ಬೆಲೆಯ ಇನ್ನೊಂದನ್ನು, ಧನ ಋಣದ ಕಾಲುಗಳನ್ನು ಅದಲುಬದಲು ಮಾಡದೆ, ಬೆಸೆಯಬೇಕು. ಸರಿಯಾದ ಪೆಟ್ಟಿಗೆಯನ್ನು ಮಳೆಗಾಲದ ಮೂರು ತಿಂಗಳು ಬ್ಯಾಟರಿ ತೆಗೆದು, ಒಣಗಿದ ಭತ್ತದ ಹೊಟ್ಟಿನ ಚೀಲದ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ತೇವ ತಟ್ಟುವುದು ಕಡಿಮೆ.